ಟವೆಲ್ಲಿನೊಳಗಿನ ಕೈ

ಈ ಕೆಲಸಕ್ಕೆ ಬರುವವರು ಮೊದಲು ಒಂದು ಟವೆಲ್ ಕೊಂಡುಕೊಳ್ಳಿ. ಬಿಳಿಯದು ಬೇಡ, ಮಣ್ಣು ಕಾಣುತ್ತದೆ. ಸ್ವಲ್ಪ ದಪ್ಪಗಿರಲಿ, ಇಬ್ಬರ ಕೈ ಮುಚ್ಚುವಷ್ಟು ಅಗಲವಿರಲಿ. ಕಂಪ್ಯೂಟರ್, ಕ್ಯಾಮೆರಾ ಎಲ್ಲ ಕಂಪನಿಯವರೇ ಕೊಡುತ್ತಾರೆ. ಟವೆಲ್ ಯಾರೂ ಕೊಡುವುದಿಲ್ಲ.

ನಾನು ಕಬಡ್ಡಿ ತಂಡಗಳಿಗೆ ಹೊಸ ಹುಡುಗರನ್ನು ಹುಡುಕಿ, ತೂಗಿ ನೋಡಿ, ತಗೊಳ್ಳಿ ಇಲ್ಲವೇ ಬಿಡಿ ಎಂದು ಹೇಳುವ ಕೆಲಸ ಮಾಡಿದವನು. ಮೊದಲು ಕಾರ್ಖಾನೆಯೊಂದರ ತಂಡಕ್ಕೆ, ಆಮೇಲೆ ಟೀವಿಯಲ್ಲಿ ಬರುವ ಲೀಗಿನ ತಂಡವೊಂದಕ್ಕೆ. ಲೀಗಿನಲ್ಲಿ ಪ್ರತಿ ವರ್ಷ ಸರದಿ ಆಯ್ಕೆ ಎಂದು ಇರುತ್ತದೆ. ಎಲ್ಲ ತಂಡದವರೂ ಒಂದೇ ಕೋಣೆಯಲ್ಲಿ ಕೂತು, ತಮ್ಮ ಸರದಿ ಬಂದಾಗ ಒಬ್ಬೊಬ್ಬ ಹೊಸ ಹುಡುಗನ ಹೆಸರು ಹೇಳಬೇಕು. ಒಬ್ಬರು ಹೇಳಿದ ಹೆಸರು ಇನ್ನೊಬ್ಬರಿಗೆ ಸಿಗುವುದಿಲ್ಲ. ಆದ್ದರಿಂದ ನಮ್ಮ ಕೆಲಸದಲ್ಲಿ ಅರ್ಧ ನೋಡುವುದು, ಇನ್ನರ್ಧ ಬಾಯಿ ಮುಚ್ಚಿಕೊಂಡಿರುವುದು.

ನನಗೆ ಇದನ್ನು ಯಾವ ತರಬೇತಿಯಲ್ಲೂ ಕಲಿಸಲಿಲ್ಲ. ನಮ್ಮಪ್ಪ ದನದ ಸಂತೆಯ ದಲ್ಲಾಳಿ. ಹೋರಿಯ ವ್ಯಾಪಾರ ಬಾಯಿಂದ ಆಗುವುದಿಲ್ಲ. ಕೊಡುವವನು, ಕೊಳ್ಳುವವನು ಟವೆಲ್ಲಿನೊಳಗೆ ಕೈ ಹಿಡಿದುಕೊಂಡು ಬೆರಳಿನಿಂದ ದರ ಹೇಳುತ್ತಾರೆ. ಸುತ್ತಲಿನವರಿಗೆ ಎರಡು ಮುಖ ಮಾತ್ರ ಕಾಣುತ್ತವೆ. ಒಂದು ಬೆರಳು ಹಿಡಿದರೆ ಒಂದು ಲೆಕ್ಕ, ನಾಲ್ಕು ಹಿಡಿದರೆ ಇನ್ನೊಂದು. ಎದುರಿನವನ ಬೆರಳುಗಳನ್ನೆಲ್ಲ ಮಡಚಿ ಮುಷ್ಟಿ ಮಾಡಿ ಹಿಂದಕ್ಕೆ ನೂಕಿದರೆ, ಈ ವ್ಯಾಪಾರ ಬೇಡ, ಬಿಟ್ಟುಬಿಡು ಎಂದು ಅರ್ಥ. ಬಾಯಲ್ಲಿ ಎಷ್ಟು ಸುಳ್ಳು ಹೇಳಿದರೂ ಕೈ ಸುಳ್ಳು ಹೇಳುವುದಿಲ್ಲ ಎಂಬುದನ್ನು ಹತ್ತು ವರ್ಷದವನಿದ್ದಾಗಲೇ ಕಲಿತೆ. ದರ ಮನಸ್ಸಿಗೆ ಬಂದ ಕೂಡಲೇ ಮಣಿಕಟ್ಟಿನ ನಾಡಿ ಹಾರುತ್ತದೆ. ಯಾವನ ನಾಡಿ ಹಾರುವುದಿಲ್ಲವೋ ಅವನು ಗಟ್ಟಿಗ.

ಅದನ್ನೇ ಅಂಗಳಕ್ಕೆ ತಂದೆ. ಹುಡುಗ ರೇಡ್ ಮುಗಿಸಿ, ಅಂದರೆ ಎದುರಾಳಿಗಳ ಅಂಗಳಕ್ಕೆ ಒಬ್ಬನೇ ನುಗ್ಗಿ ಮುಟ್ಟಿ ಬಂದ ಕೂಡಲೇ, ಬೆವರು ಒರೆಸುವ ನೆಪದಲ್ಲಿ ಟವೆಲ್ ಹಾಕಿ ಕೈ ಹಿಡಿಯುತ್ತಿದ್ದೆ. ಹೆಬ್ಬೆರಳು ಮಣಿಕಟ್ಟಿನ ಮೇಲೆ. ಎಷ್ಟು ದಣಿದಿದ್ದಾನೆ, ಎಷ್ಟು ಬೆದರಿದ್ದಾನೆ, ಮುಂದಿನ ರೇಡಿಗೆ ಮನಸ್ಸಿದೆಯೋ ಇಲ್ಲವೋ, ಎಲ್ಲ ತಿಳಿಯುತ್ತಿತ್ತು. ಬೇರೆ ತಂಡದವರು ನನಗೆ ಟವೆಲ್ ಕಾಕಾ ಎಂದು ಹೆಸರಿಟ್ಟು ನಗುತ್ತಿದ್ದರು. ನಗುವವರು ನಗಲಿ, ಅವರು ನಗುವಷ್ಟರಲ್ಲಿ ನೀವು ಕೆಲಸ ಮುಗಿಸಿಕೊಳ್ಳಿ.

ಇನ್ನೊಂದು ಮಾತು. ರೇಡ್ ಮಾಡುವವನನ್ನು ನೋಡುತ್ತಾ ಕೂಡಬೇಡಿ. ಅವನನ್ನು ಊರೆಲ್ಲ ನೋಡುತ್ತಿರುತ್ತದೆ. ಎದುರಿನ ಏಳು ಜನರ ಕಣ್ಣು ನೋಡಿ. ಆಟ ಅಲ್ಲಿ ಬರೆದಿರುತ್ತದೆ.

ವಯಸ್ಸಿನ ವಿಷಯದಲ್ಲಿ ಯಾವ ಕಾಗದವನ್ನೂ ನಂಬಬೇಡಿ. ಹತ್ತೊಂಬತ್ತು ವರ್ಷದ ದಾಖಲೆ ಹಿಡಿದು ಬಂದವನೊಬ್ಬನ ಹಲ್ಲು ನೋಡಿದೆ. ಹೋರಿಯಾಗಿದ್ದರೆ ಬಾಯಿ ಪೂರಾ ತುಂಬಿದೆ, ವಯಸ್ಸು ದಾಟಿದೆ ಎನ್ನುತ್ತಿದ್ದೆವು. ಕೇಳಿದರೆ, "ಅಡಿಕಿ ತಿಂತೇನ್ರಿ ಕಾಕಾ, ಅದಕ್ಕ ಹಂಗ ಕಾಣ್ತಾವ" ಎಂದ. ಅಷ್ಟರಲ್ಲಿ ಗೆರೆಯಾಚೆಯಿಂದ ಒಂದು ಕೂಸು "ಅಪ್ಪಾ, ಐಸ್ ಕ್ಯಾಂಡಿ" ಎಂದು ಕೂಗಿತು. ಪಕ್ಕದಲ್ಲಿದ್ದವರು, "ಇದೂ ಅಡಿಕಿ ತಿಂದದ್ದಕ್ಕ ಆತೇನಪಾ?" ಎಂದರು. ನಾನು ಕೂಸಿಗೆ ಐಸ್ ಕ್ಯಾಂಡಿ ಕೊಡಿಸಿ ಮನೆಗೆ ಬಂದೆ.

ತಪ್ಪುಗಳೂ ಆಗಿವೆ. ಸಪ್ತಾಪುರದಲ್ಲಿ ಬಾಡಿಗೆ ಕೋಣೆ ಹಿಡಿದು ಓದುತ್ತಿದ್ದ ಹುಡುಗನೊಬ್ಬನನ್ನು ಮೀನಖಂಡ ತೆಳ್ಳಗಿದೆ ಎಂದು ಬಿಟ್ಟೆ. ಮರುವರ್ಷ ಅವನು ಎದುರು ತಂಡದಲ್ಲಿ ನಿಂತು ನಮ್ಮವರನ್ನು ಸಾಲಾಗಿ ಮುಟ್ಟಿ ಕಳಿಸಿದ. ನಮ್ಮ ತಂಡದ ಆಯ್ಕೆಯ ಮುಖ್ಯಸ್ಥರು ಪಾಟೀಲ ಸಾಹೇಬರು. ಅವರು ಬೈಯುವವರಲ್ಲ. ಆ ದಿನ ಫೋನ್ ಮಾಡಿ, "ಕಾಕಾ, ಅವನ ಮೀನಖಂಡ ಈಗ ಹೆಂಗ ಅದಾವ ನೋಡಿದ್ರೇನು?" ಎಂದು ಕೇಳಿ ಇಟ್ಟರು. ಬೈಗುಳ ಆಗಿದ್ದರೆ ಮರೆಯುತ್ತಿದ್ದೆ.

ಆದರೆ ಈ ತಪ್ಪುಗಳಿಂದ ಯಾರಿಗೂ ಏನೂ ಆಗಲಿಲ್ಲ. ಇನ್ನೊಂದು ತಪ್ಪಿದೆ. ಅದಕ್ಕಾಗಿಯೇ ಇದನ್ನು ಬರೆಯಲು ಕೂತಿದ್ದೇನೆ.

ಕಾರ್ಖಾನೆಯ ತಂಡದಲ್ಲಿದ್ದಾಗಿನ ಮಾತು. ಹುಬ್ಬಳ್ಳಿಯ ಬೆಂಗೇರಿಯಲ್ಲಿ ಈರಣ್ಣ ಎಂಬ ಇಪ್ಪತ್ತು ವರ್ಷದ ಹುಡುಗ. ತಾಯಿ ಗಂಗವ್ವ ಖಾನಾವಳಿಗಳಿಗೆ ಜೋಳದ ರೊಟ್ಟಿ ಬಡಿದು ಕೊಡುತ್ತಿದ್ದಳು. ತಂದೆ ಲಾರಿಯ ಮೇಲೆ, ಮನೆಗೆ ಬಂದರೆ ಬಂದ. ಈರಣ್ಣನ ಆಟದಲ್ಲಿ ಒಂದು ವಿಚಿತ್ರವಿತ್ತು. ಅವನು ಎಡ ಮೂಲೆಗೆ ಹೋದಾಗ ಎದುರಿನ ಏಳು ಜನರೂ ಅವನನ್ನು ನೋಡುತ್ತಿರಲಿಲ್ಲ. ಅವನ ಬಲಕ್ಕೆ ಒಂದು ಮೊಳ ದೂರ, ಬರೀ ಗಾಳಿಯಿದ್ದ ಜಾಗವನ್ನು ನೋಡುತ್ತಿದ್ದರು. ಏಳು ಜೊತೆ ಕಣ್ಣು ಒಟ್ಟಿಗೇ ಅತ್ತ ತಿರುಗುತ್ತಿದ್ದವು. ಭುಜ ಅಲುಗಿಸಿ ಮೋಸ ಮಾಡುತ್ತಾನೆ ಎಂದುಕೊಂಡೆ. ಡೈರಿಯಲ್ಲಿ ಬರೆದುಕೊಂಡೆ.

ರೇಡ್ ಮುಗಿಸಿ ಬಂದಾಗ ಟವೆಲ್ ಹಾಕಿ ಕೈ ಹಿಡಿದೆ. ಬೇಸಿಗೆಯ ಮಧ್ಯಾಹ್ನ. ಅಂಗಳದ ಮಣ್ಣು ಚಪ್ಪಲಿಯೊಳಗೂ ಸುಡುತ್ತಿತ್ತು. ಅವನ ಕೈ ಮಾತ್ರ ಆಗ ತಾನೇ ಬಾವಿಯಿಂದ ತೆಗೆದ ಹಾಗೆ ತಣ್ಣಗಿತ್ತು. ನಾಡಿ ಮೂರು ಸಲ ಬಡಿದು ಸುಮ್ಮನಾಯಿತು. ನಾನು ಕಾದೆ. ಮತ್ತೆ ಮೂರು ಸಲ, ಮತ್ತೆ ಸುಮ್ಮನೆ. ಇಷ್ಟು ಓಡಾಡಿ ಬಂದರೂ ಈ ಹುಡುಗನ ನಾಡಿಗೆ ಅವಸರವೇ ಇಲ್ಲವಲ್ಲ ಎಂದು ಖುಷಿಯಾಯಿತು. ಸಂತೆಯಲ್ಲಿ ಇಂಥ ಕೈ ಸಿಕ್ಕರೆ ನಮ್ಮಪ್ಪ ಎದ್ದು ನಿಂತು ಗೌರವ ಕೊಡುತ್ತಿದ್ದ. "ತಣ್ಣನೆಯ ಕೈ. ಬೆದರುವವನಲ್ಲ. ತಗೊಳ್ಳಬಹುದು" ಎಂದು ವರದಿ ಬರೆದೆ.

ಈರಣ್ಣನಿಗೆ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು. ಅವರ ಮನೆಗೆ ಹೋದರೆ ಗಂಗವ್ವ ಬಿಸಿ ರೊಟ್ಟಿ, ಎಣ್ಣೆಗಾಯಿ ಹಾಕಿ ಕೂಡಿಸಿದಳು. ಸಣ್ಣ ಮಗ ಶಿವು, ಏಳು ವರ್ಷದವನು, ಬಾಗಿಲಲ್ಲಿ ನಿಂತು ನನ್ನ ಚೀಲವನ್ನೇ ನೋಡುತ್ತಿದ್ದ. ಈರಣ್ಣನಿಗೆ ಟವೆಲ್ಲಿನ ಭಾಷೆಯ ಹುಚ್ಚು. ಬೆರಳಿನ ಲೆಕ್ಕವನ್ನೆಲ್ಲ ಹೇಳಿಸಿಕೊಂಡು ಕಲಿತ.

ತಂಡದ ಶಿಬಿರಕ್ಕೆ ಹೊರಟ ದಿನ ಹುಬ್ಬಳ್ಳಿ ಸ್ಟೇಷನ್ನಿಗೆ ಕಳಿಸಲು ಹೋಗಿದ್ದೆ. ರೈಲು ಇನ್ನೂ ನಿಂತಿತ್ತು. ಕಿಟಕಿಯಿಂದ ಕೈ ಚಾಚಿ, "ಕಾಕಾ, ಒಮ್ಮೆ ಟವೆಲ್ ಹಾಕ್ರಿ" ಎಂದ. ಹಾಕಿದೆ. ಅವನು ನನ್ನ ಬೆರಳುಗಳನ್ನು ಒಂದೊಂದಾಗಿ ಮಡಚಿದ. ಮುಷ್ಟಿ ಮಾಡಿ ಹಿಂದಕ್ಕೆ ನೂಕಿದ.

"ಹುಚ್ಚ್ ಹುಡುಗ, ಹೋಗೂ ಹೊತ್ತಿನ್ಯಾಗ ಇದೇನ ಚಾಷ್ಟಿ?" ಎಂದು ನಕ್ಕೆ.

ಅವನು ಟವೆಲ್ ಎತ್ತಿ ಕೈ ನೋಡಿಕೊಂಡ. "ನಾ ಏನ ಮಾಡಿದೆರಿ ಕಾಕಾ? ನಾ ಕೈ ಸುಮ್ನ ಇಟ್ಟಿದ್ದೆ."

ಅವನು ನಗುತ್ತಿರಲಿಲ್ಲ. ಇಬ್ಬರೂ ಆ ಕೈಯನ್ನೇ ನೋಡಿದೆವು. ರೈಲು ಹೊರಟಿತು.

ಒಂಬತ್ತನೆಯ ದಿನ ಶಿಬಿರದಲ್ಲಿ ಓಡುತ್ತಿದ್ದವನು ಬಿದ್ದು, ಅಲ್ಲೇ ತೀರಿಹೋದ. ಬಿಸಿಲು ಬಡಿಯಿತು ಎಂದು ಕಾರ್ಖಾನೆಯವರು ಗಂಗವ್ವನಿಗೆ ಹೇಳಿದರು. ನಾನು ಅವರ ಹಿಂದೆ ನಿಂತಿದ್ದೆ. ಮೂರು ಬಡಿತದ ನಂತರದ ಆ ಸುಮ್ಮನಿರುವಿಕೆ ಆಗ ನನ್ನ ಹೆಬ್ಬೆರಳಿನಲ್ಲೇ ಇತ್ತು. ನನ್ನನ್ನು ಯಾರೂ ಏನೂ ಕೇಳಲಿಲ್ಲ. ನಾನೂ ಹೇಳಲಿಲ್ಲ. ಹೇಳಿದ್ದರೆ ನನ್ನ ಕೆಲಸ ಹೋಗುತ್ತಿತ್ತು, ಹುಡುಗನಂತೂ ತಿರುಗಿ ಬರುತ್ತಿರಲಿಲ್ಲ ಎಂದು ನನಗೆ ನಾನೇ ಚೌಕಾಸಿ ಮಾಡಿಕೊಂಡೆ. ಅದಾದ ಮೇಲೆ ಹನ್ನೆರಡು ವರ್ಷ ಬೆಂಗೇರಿಯ ದಾರಿ ಬಿಟ್ಟು ಸುತ್ತು ಹಾಕಿ ಓಡಾಡಿದೆ.

ಈ ನಡುವೆ ಕೆಲಸದ ರೀತಿಯೆಲ್ಲ ಬದಲಾಯಿತು. ಮಣ್ಣು ಹೋಗಿ ಮ್ಯಾಟ್ ಬಂತು. ಮಣ್ಣಿನ ಮೇಲೆ ಹೆಜ್ಜೆ ಓದಬಹುದಿತ್ತು, ಮ್ಯಾಟ್ ಏನೂ ಉಳಿಸಿಕೊಳ್ಳುವುದಿಲ್ಲ. ಪಾಟೀಲ ಸಾಹೇಬರ ಆಫೀಸಿನಲ್ಲಿ ಆಟವನ್ನು ನಿಲ್ಲಿಸಿ, ಹಿಂದೆ ಮುಂದೆ ಓಡಿಸಿ ನೋಡುವ ದೊಡ್ಡ ಪರದೆ ಬಂತು. ಅದು ಕೆಟ್ಟದ್ದು ಎಂದು ನಾನು ಹೇಳುವುದಿಲ್ಲ. ಕಲಿಯಿರಿ. ನಾನೂ ಕಲಿತೆ. ನನ್ನ ಕಣ್ಣಿಗೆ ಕಂಡದ್ದು ಅದಕ್ಕೂ ಕಾಣುತ್ತದೆಯೋ ಎಂದು ತಾಳೆ ನೋಡಲು ಅದಕ್ಕಿಂತ ಒಳ್ಳೆಯದಿಲ್ಲ.

ನಿವೃತ್ತಿಗೆ ಕೆಲವೇ ತಿಂಗಳು ಇದ್ದಾಗ, ಬೆಂಗೇರಿ ಕಡೆ ಒಬ್ಬ ಹೊಸ ರೇಡರ್ ಇದ್ದಾನೆ, ನೋಡಿ ಬನ್ನಿ ಎಂದು ಸಾಹೇಬರು ಹೇಳಿದರು. ಇಲ್ಲ ಎನ್ನಲು ಕಾರಣ ಸಿಗಲಿಲ್ಲ.

ಊರ ಅಂಚಿನ ಬಯಲು. ಇಳಿಬಿಸಿಲಿನ ಹೊತ್ತು. ಅಲ್ಲಿ ಇನ್ನೂ ಮಣ್ಣಿನ ಅಂಗಳವೇ. ನನ್ನ ರೂಢಿಯಂತೆ ಎದುರಿನವರ ಕಣ್ಣು ನೋಡುತ್ತಾ ಕೂತೆ. ತೆಳ್ಳನೆಯ ಹುಡುಗನೊಬ್ಬ ಎಡ ಮೂಲೆಗೆ ಸರಿದ. ಏಳು ಜೊತೆ ಕಣ್ಣು ಅವನನ್ನು ಬಿಟ್ಟು, ಬಲಕ್ಕೆ ಒಂದು ಮೊಳ ದೂರದ ಖಾಲಿ ಜಾಗಕ್ಕೆ ಹೊರಳಿದವು.

ಹುಡುಗ ಇಬ್ಬರನ್ನು ಮುಟ್ಟಿ ನಡೆದುಕೊಂಡೇ ವಾಪಸ್ ಬಂದ.

ಔಟಾಗಿ ಹೊರಗೆ ಬಂದ ಎದುರಾಳಿಯೊಬ್ಬನನ್ನು ಕರೆದೆ. "ಯಾರನ್ನ ಹಿಡ್ಯಾಕ ಹೋಗಿದ್ಯೋ ತಮ್ಮಾ? ಅಂವಾ ಈ ಕಡೆ ಇದ್ದ, ನೀ ಆ ಕಡೆ ಜಿಗದಿ."

"ಇಬ್ಬರು ಬಂದಂಗಾತ್ರಿ ಕಾಕಾ," ಎಂದ ಅವನು, ಮೊಣಕಾಲಿನ ಮಣ್ಣು ಝಾಡಿಸುತ್ತ. "ಬಾಜೂಕ ಇದ್ದಂವನ ಕಾಲಿಗೆ ಬಿದ್ದೆ. ಕೈಯಾಗ ಏನೂ ಸಿಗಲಿಲ್ಲ."

"ರೇಡಿಗೆ ಒಬ್ಬನs ಬರೂದಲ್ಲೋ?"

"ಹೌದಲ್ರಿ, ನನಗೂ ಗೊತ್ತೈತಿ. ಆದ್ರ ಅಲ್ಲಿ ನಿಂತಾಗ ಹಂಗ ಕಾಣತೈತಿ. ನೀವ ಬೇಕಾದ್ರ ಒಮ್ಮೆ ನಿಂತ ನೋಡ್ರಿ." ಪಕ್ಕದವನು, "ಕಾಕಾ ನಿಂತ್ರ ಇಬ್ಬರಲ್ಲ, ನಾಕ ಮಂದಿ ಕಾಣ್ತಾರ" ಎಂದು ಕಿಸಕ್ಕನೆ ನಕ್ಕ.

ಆ ರೇಡರ್ ಯಾರ ಮಗ ಎಂದು ಕೇಳಿದೆ. "ರೊಟ್ಟಿ ಗಂಗವ್ವನ ಮಗಾರಿ. ಶಿವು."

ಈರಣ್ಣ ಆಡುತ್ತಿದ್ದ ಕಾಲಕ್ಕೆ ಇವನು ಏಳು ವರ್ಷದವನು. ಅಣ್ಣನ ಆಟದ ಒಂದು ವಿಡಿಯೋ ಕೂಡ ಎಲ್ಲಿಯೂ ಇಲ್ಲ. ಅಣ್ಣ ಹೋದ ಮೇಲೆ ಗಂಗವ್ವ ಮನೆಯಲ್ಲಿ ಆ ಆಟದ ಹೆಸರನ್ನೂ ಎತ್ತಗೊಡಲಿಲ್ಲವಂತೆ. ಇವನು ಕದ್ದು ಆಡಿ ಆಡಿಯೇ ಬೆಳೆದವನು. ಇದೆಲ್ಲ ಆಮೇಲೆ ತಿಳಿಯಿತು. ಆ ಹೊತ್ತಿಗೆ ನಾನು ಟವೆಲ್ ಹಿಡಿದು ಎದ್ದು ನಿಂತಿದ್ದೆ, ಅವನ ಹತ್ತಿರ ಹೋಗಿರಲಿಲ್ಲ. ಕೊನೆಗೆ ಅವನೇ ಬಂದ.

"ನೀವ ಟವೆಲ್ ಕಾಕಾ ಅಲ್ರಿ? ನನ್ನ ಕೈ ನೋಡ್ರಿ."

ಕೈ ತಣ್ಣಗಿತ್ತು. ಮೂರು ಬಡಿತ. ಸುಮ್ಮನೆ. ಮೂರು ಬಡಿತ. ಸುಮ್ಮನೆ. ನಾನು ಮುಖದಲ್ಲಿ ಏನೂ ತೋರಿಸಲಿಲ್ಲ, ಅದು ನನ್ನ ಕಸುಬು. ಕೈ ಬಿಡಿಸಿಕೊಳ್ಳುವಷ್ಟರಲ್ಲಿ ಟವೆಲ್ಲಿನೊಳಗೆ ನನ್ನ ಕಿರುಬೆರಳು ಮಡಚಿತು. ಆಮೇಲೆ ಅದರ ಪಕ್ಕದ್ದು. ಒಂದೊಂದಾಗಿ ಎಲ್ಲ ಬೆರಳೂ ಮಡಚಿ ಮುಷ್ಟಿಯಾಯಿತು. ಯಾರೋ ಅದನ್ನು ಮೆಲ್ಲಗೆ ನನ್ನ ಎದೆಯ ಕಡೆ ನೂಕಿದರು.

"ಇದನ್ನ ಯಾರ ಕಲಿಸಿದ್ರು ನಿನಗ?"

"ಏನ್ರಿ?"

"ಈಗ ಮಾಡಿದ್ಯಲ್ಲ, ಅದು."

"ನಾ ಏನೂ ಮಾಡಿಲ್ರಿ. ನೀವs ಕೈ ಬಿಗಿ ಹಿಡದೀರಿ." ಅವನಿಗೆ ನಿಜವಾಗಿ ಏನೂ ಗೊತ್ತಿರಲಿಲ್ಲ. "ಯಾಕ್ರಿ ಕಾಕಾ, ಕೈ ಛಲೋ ಇಲ್ಲೇನ್ರಿ?"

ದೆವ್ವ ಪಿಶಾಚಿಯ ಮಾತನ್ನು ನಾನು ನಂಬುವವನಲ್ಲ. ದಣಿದ ಕೈ ತಾನಾಗಿ ಸೆಟೆದುಕೊಳ್ಳುತ್ತದೆ ಎಂದು ಆಮೇಲೆ ಡಾಕ್ಟರೊಬ್ಬರು ಹೇಳಿದರು. ಇರಬಹುದು. ಆದರೆ ಕಿರುಬೆರಳಿನಿಂದ ಶುರುಮಾಡಿ ಸಾಲಾಗಿ ಮಡಚುವುದು ದನದ ಸಂತೆಯ ಪದ್ಧತಿ. ನನಗೆ ತಿಳಿದ ಮಟ್ಟಿಗೆ ಬೆಂಗೇರಿಯಲ್ಲಿ ಅದನ್ನು ನಾನು ಒಬ್ಬನಿಗೇ ಕಲಿಸಿದ್ದೆ. ಅವತ್ತು ಸ್ಟೇಷನ್ನಿನಲ್ಲಿ ನಕ್ಕು ಬಿಟ್ಟಿದ್ದೆ. ಎರಡನೆಯ ಸಲ ನಗಲಿಕ್ಕೆ ಆಗಲಿಲ್ಲ.

ಮರುದಿನ ಪಾಟೀಲ ಸಾಹೇಬರ ಆಫೀಸು. ಅವರ ಹುಡುಗರು ಶಿವುನ ಆಟವನ್ನು ಚಿತ್ರ ತೆಗೆದುಕೊಂಡು ಬಂದಿದ್ದರು. ಪರದೆಯ ಮೇಲೆ ಆ ರೇಡ್ ನಿಲ್ಲಿಸಿ, ಸಾಹೇಬರು ಕುರ್ಚಿ ಮುಂದೆ ಎಳೆದುಕೊಂಡರು. "ಎಲ್ಲಾರೂ ಎಲ್ಲಿ ನೋಡಾಕತ್ತಾರ್ರಿ ಇವರು? ಅಲ್ಲಿ ಏನೂ ಇಲ್ಲಲ್ಲ." ಪರದೆಯ ಹತ್ತಿರ ಹೋಗಿ ಆ ಖಾಲಿ ಜಾಗದ ಮೇಲೆ ಬೆರಳಿಟ್ಟರು. ಬೇಗ ತೆಗೆದರು. "ಕಾಕಾ, ನಮ್ಮ ಮೊದಲ ಸರದಿಗೆ ಇವನs."

"ಮೊದಲ ಎದಿ ಪರೀಕ್ಷೆ ಮಾಡಸ್ರಿ."

"ಆಯ್ಕೆ ಆದ ಮ್ಯಾಲ ಎಲ್ಲಾರದೂ ಮಾಡಸ್ತೇವಿ. ಈಗ ದವಾಖಾನಿಗೆ ಕರ್ಕೊಂಡ ಹೋದ್ರ ಸುದ್ದಿ ಹೊರಗ ಬೀಳ್ತದ. ಇನ್ನೊಂದ ತಂಡದವರು ಎತ್ಕೊಂಡ ಹೋಗ್ತಾರ."

"ನಾಳೆ ಮುಂಜಾನೆ ಪರೀಕ್ಷೆ ಆಗಲಿಲ್ಲಂದ್ರ, ಸಂಜಿಕ ನಾನs ಎಲ್ಲಾ ತಂಡದವರಿಗೂ ಫೋನ್ ಮಾಡಿ ಇವನ ಹೆಸರು ಹೇಳ್ತೇನಿ. ಪರೀಕ್ಷೆ ಆತಂದ್ರ ನಿಮಗ ಗುಟ್ಟು ಉಳೀತದ. ನೋಡ್ರಿ, ಯಾವುದು ಅಗ್ಗ ನಿಮಗ?"

ಸಾಹೇಬರು ನನ್ನ ಮುಖವನ್ನೇ ನೋಡಿದರು. "ಏನ ಕಂಡ್ರಿ ಕಾಕಾ ಅವನ ಕೈಯಾಗ?"

"ಹಿಂದೊಮ್ಮೆ ತಪ್ಪು ಓದಿದ್ದನ್ನ ಕಂಡೆ" ಎಂದೆ.

ಡಾಕ್ಟರ್ ಎದೆಯ ಮೇಲೆ ಯಂತ್ರ ಆಡಿಸಿ ಬಹಳ ಹೊತ್ತು ನೋಡಿದರು. ಹೃದಯದ ಗೋಡೆ ಹುಟ್ಟಿನಿಂದಲೇ ದಪ್ಪವಾಗುತ್ತಾ ಬಂದಿದೆ ಎಂದರು. ಓಡಾಟದ ನಡುವೆ ಯಾವತ್ತು ಬೇಕಾದರೂ ನಿಲ್ಲಬಹುದಿತ್ತಂತೆ. "ಮನ್ಯಾಗ ಯಾರರ ಸಣ್ಣ ವಯಸ್ಸಿನ್ಯಾಗ ಹೋಗ್ಯಾರೇನು?" ಎಂದು ಕೇಳಿದರು. ಶಿವು, "ನಮ್ಮಣ್ಣಗ ಬಿಸಿಲ ಬಡದಿತ್ರಿ" ಎಂದ. ಡಾಕ್ಟರ್ ಪೆನ್ನು ಕೆಳಗಿಟ್ಟರು.

ಹೊರಗೆ ಬಂದ ಮೇಲೆ ಅವನು ಮೆಟ್ಟಿಲ ಮೇಲೆ ಕೂತ. "ಮೊದಲ ಸರದಿ ಅಂದಿದ್ರಂತ ಸಾಹೇಬ್ರು. ಒಂದ ವರ್ಷ ಆಡಿ ಬಿಡ್ತಿದ್ದೆ. ಅವ್ವನ್ನ ಒಲಿ ಮುಂದಿಂದ ಎಬ್ಬಸ್ತಿದ್ದೆ. ನೀವ ಬಾಯಿ ಮುಚ್ಚಿಕೊಂಡ ಇದ್ದಿದ್ರ ಏನ ಗಂಟ ಹೋಗ್ತಿತ್ತು?"

"ಒಮ್ಮೆ ಮುಚ್ಚಿಕೊಂಡ ಇದ್ದೆ ತಮ್ಮಾ."

ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಎದ್ದು ನಿಂತ. "ಹಂಗಾರ ಅವ್ವಗ ನೀವs ಹೋಗಿ ಹೇಳ್ರಿ. ಎರಡೂ ಹೇಳ್ರಿ." ಅವನು ನನ್ನ ಜೊತೆ ಆಡಿದ ಕಡೆಯ ಮಾತು ಅದು. ಈಗ ಎದೆಯಲ್ಲಿ ಸಣ್ಣ ಯಂತ್ರ ಇಡಿಸಿಕೊಂಡು, ಹೆಣ್ಣುಮಕ್ಕಳ ತಂಡವೊಂದಕ್ಕೆ ಆಟ ಕಲಿಸುತ್ತಾನೆ. ದಾರಿಯಲ್ಲಿ ಎದುರಾದರೆ ಗಾಡಿ ಬೇರೆ ಕಡೆ ತಿರುಗಿಸುತ್ತಾನೆ. ತಿರುಗಿಸಲಿ. ಅವನು ಗಾಡಿ ತಿರುಗಿಸುವುದನ್ನು ನೋಡಲು ನನಗೆ ಸಂತೋಷವೇ.

ಹೊಸಬರಿಗೆ ಹೇಳುತ್ತೇನೆ. ವರದಿ ಬರೆಯುವುದು ಸುಲಭ. ಅದನ್ನು ಮನೆಗೆ ಹೋಗಿ ಬಾಯಿಂದ ಹೇಳಬೇಕಾಗಿ ಬರುತ್ತದೆ ಎಂದು ತಿಳಿದುಕೊಂಡು ಬರೆಯಿರಿ.

ಗಂಗವ್ವನ ಮನೆಯಲ್ಲಿ ಮಧ್ಯಾಹ್ನದ ರೊಟ್ಟಿ ನಡೆದಿತ್ತು. ಬಾಗಿಲಲ್ಲಿ ನಿಂತವನನ್ನು ತಕ್ಷಣ ಗುರುತು ಹಿಡಿದಳು. "ಬರ್ರಿ. ಹನ್ನೆರಡ ವರ್ಷ ಆತು ನೀವ ಈ ಕಡೆ ಬಂದು." ಕೈ ನಿಲ್ಲಿಸಲಿಲ್ಲ. ಹಿಟ್ಟಿನ ಉಂಡೆ ಅವಳ ಅಂಗೈ ಕೆಳಗೆ ತಟ ತಟ ಎಂದು ಅಗಲವಾಗುತ್ತಿತ್ತು.

ಶಿವುನದನ್ನು ಹೇಳಿದೆ. ಆಮೇಲೆ ಈರಣ್ಣನದನ್ನು ಹೇಳಿದೆ. ಬಿಸಿಲಲ್ಲ, ಎದೆ. ನಾನು ಕೈ ಹಿಡಿದಾಗಲೇ ಗೊತ್ತಾಗಬೇಕಿತ್ತು, ತಪ್ಪು ಓದಿದೆ, ಆಮೇಲೆ ಗೊತ್ತಾದರೂ ಹೇಳಲಿಲ್ಲ. ರೊಟ್ಟಿ ಬಡಿಯುವ ಸದ್ದು ನಿಂತಿತು. ಬೈಯುತ್ತಾಳೆ, ಎದ್ದು ಹೋಗು ಎನ್ನುತ್ತಾಳೆ ಎಂದು ಕಾದೆ. ಎರಡಕ್ಕೂ ಉತ್ತರ ಸಿದ್ಧಪಡಿಸಿಕೊಂಡೇ ಹೋಗಿದ್ದೆ.

"ಕೈ ಹೆಂಗಿತ್ತಂದ್ರಿ?" ಎಂದು ಕೇಳಿದಳು.

"ತಣ್ಣಗ. ಮೂರ ಬಡತ ಬಡದು, ಒಂದ ಬಿಡ್ತಿತ್ತು."

ಅವಳು ಸೆರಗಿನಲ್ಲಿ ಕೈಯ ಹಿಟ್ಟು ಒರೆಸಿಕೊಂಡಳು. ಅಷ್ಟು ಹೊತ್ತು ಉರಿಯುವ ಒಲೆಯ ಮುಂದೆ ಕೂತಿದ್ದ ಕೈ. ನನ್ನ ಮುಂದೆ ಚಾಚಿದಳು. "ನಂದೂ ಒಂದೀಟ ಹಿಡದ ನೋಡ್ರಿ."

ಹಿಡಿದೆ. ತಣ್ಣಗಿತ್ತು. ಮೂರು ಬಡಿತ. ಸುಮ್ಮನೆ. ಮೂರು ಬಡಿತ. ಸುಮ್ಮನೆ.

"ಹಿಂಗs ಇತ್ತೇನ್ರಿ ಅವಂದು?"

"ಹಿಂಗs ಇತ್ತವ್ವಾ. ನಾಳೆ ನಿನ್ನನ್ನೂ ದವಾಖಾನಿಗೆ ಕರ್ಕೊಂಡ ಹೋಗ್ತೇನಿ."

ಅವಳು ಅದನ್ನು ಕೇಳಿಸಿಕೊಂಡಂತೆ ಕಾಣಲಿಲ್ಲ. ಇನ್ನೊಂದು ಕೈಯನ್ನು ತಂದು ತನ್ನದೇ ಮಣಿಕಟ್ಟಿನ ಮೇಲೆ, ನನ್ನ ಹೆಬ್ಬೆರಳಿನ ಪಕ್ಕ ಇಟ್ಟುಕೊಂಡಳು. ತಲೆ ಬಗ್ಗಿಸಿ, ಮಲಗಿದ ಕೂಸಿನ ಉಸಿರು ಆಲಿಸುವವರ ಹಾಗೆ ಕೂತಳು. ಹಂಚಿನ ಮೇಲಿನ ರೊಟ್ಟಿ ಹೊತ್ತಿ ಕರಕಲು ವಾಸನೆ ಮನೆ ತುಂಬಿತು. ನಾನು ಕೈ ಬಿಡಲು ನೋಡಿದೆ.

"ಇನ್ನೊಂದೀಟ ಹಿಡೀರಿ" ಎಂದಳು.